ಹುಳ ಒಪ್ಪಿದ ಟಾರ್ಚು

ಯಾವ ವಿಷಯವನ್ನು ನಾವು ಹೊಟ್ಟೆಪಾಡಿಗಾಗಿ ಕಲಿಸುತ್ತೇವೋ ಆ ವಿಷಯಕ್ಕೆ ಸಂಬಂಧಪಟ್ಟ ವಸ್ತುವನ್ನು ಕೊಳ್ಳಲು ನಾವೇ ಅಂಗಡಿಗೆ ಹೋಗಬಾರದು. ಇದು ನನ್ನ ಸ್ವಂತ ಸಿದ್ಧಾಂತ, ಪೆಟ್ಟು ತಿಂದು ಕಂಡುಕೊಂಡದ್ದು. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ವಾರಗಟ್ಟಲೆ ಯೋಚಿಸಿ ಕೊಂಡ ಓಟದ ಬೂಟು ಅವರ ಕಾಲನ್ನೇ ಕಚ್ಚಿ, ಈಗ ಅದನ್ನು ಅವರ ಹೆಂಡತಿ ಹಾಕಿಕೊಂಡು ಹುಲ್ಲಿಗೆ ಹೋಗುತ್ತಾರೆ. ಸಮಾಜದ ಮೇಷ್ಟ್ರು ಆರಿಸಿ ತಂದು ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ನಮ್ಮ ಜಿಲ್ಲೆಯೇ ಇರಲಿಲ್ಲ, ಹಳೇ ಮಾಲು. ಇವರಿಬ್ಬರನ್ನೂ ನೋಡಿ ನಾನು ಬಹಳ ದಿನ ನಕ್ಕಿದ್ದೆ. ನಾನು ವಿಜ್ಞಾನದ ಮೇಷ್ಟ್ರು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ಇಪ್ಪತ್ತೊಂದು ವರ್ಷದಿಂದ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಹೊಸಕೋಟೆಯ ಟಾರ್ಚಿನ ಅಂಗಡಿಯ ಮೆಟ್ಟಿಲು ಹತ್ತುವ ತನಕ ನಾನೂ ಹಾಗೆಯೇ ಚಲಿಸುತ್ತಿದ್ದೆ.

ಟಾರ್ಚಿನ ಕಥೆಗೆ ಮುಂಚೆ ಈ ಮನೆಯಲ್ಲಿ ನನ್ನ ಸ್ಥಾನಮಾನ ಏನೆಂದು ಹೇಳಿಬಿಡಬೇಕು. ಸೂಲಿಬೆಲೆಗೆ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಮನೆ ಅಳಿಯ. ನನ್ನ ಊರು ನೆಲಮಂಗಲದ ಕಡೆ. ಈ ಕಡೆಯ ಪ್ರೌಢಶಾಲೆಗೆ ವರ್ಗವಾಗಿ ಬಂದಾಗ, ಬಾಡಿಗೆ ಮನೆ ಸಿಗುವ ತನಕ ಇರೋಣ ಎಂದು ಹೆಂಡತಿ ಮಂಜುಳಾಳ ತವರಿನಲ್ಲಿ ಟ್ರಂಕು ಇಳಿಸಿದೆ. ಹದಿನಾಲ್ಕು ವರ್ಷವಾಯಿತು, ಬಾಡಿಗೆ ಮನೆ ಇನ್ನೂ ಸಿಕ್ಕಿಲ್ಲ. ಹುಡುಕಿದ್ದೇನೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಿಸಿ ಬಿಸಿ ಮುದ್ದೆ, ಕಾಲಕಾಲಕ್ಕೆ ಅವರೆಕಾಳಿನ ಸಾರು, ಯಾರೂ ಜೋರು ಮಾತಾಡದ ಮನೆ, ಇದನ್ನೆಲ್ಲ ಬಿಟ್ಟು ಬಾಡಿಗೆ ಮನೆ ಹುಡುಕಲು ನನಗೇನು ಹುಚ್ಚೇ?

ಯಾರೂ ಜೋರು ಮಾತಾಡುವುದಿಲ್ಲ ಎಂದೆನಲ್ಲ, ಅದಕ್ಕೆ ಕಾರಣ ನನ್ನ ಅತ್ತೆ ಮುನಿಯಮ್ಮನವರು. ಅವರು ಹಳೇ ಕಾಲದವರು. ಅಳಿಯನ ಎದುರು ಕೂರುವುದಿಲ್ಲ, ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಅಳಿಯನ ಮಾತಿಗೆ ಎದುರಾಡುವುದಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ, ನನಗೆ ಕೇಳಿಸುವಷ್ಟು ದೂರದಲ್ಲಿ ನಿಂತು ಮಗಳಿಗೆ ಹೇಳುತ್ತಾರೆ. ಮಗಳಿಲ್ಲದಿದ್ದರೆ ಹಸುವಿಗೆ. “ಅಳಿಯಂದ್ರು ಸ್ನಾನಕ್ಕೋಗ್ಲಿ, ನೀರು ಆರೋಯ್ತದೆ” ಎಂದು ಹಸುವಿನ ಬೆನ್ನು ತಟ್ಟುತ್ತ ಅವರು ಅಂದರೆ ನಾನು ಟವೆಲ್ ಹುಡುಕುತ್ತೇನೆ. ಇನ್ನು ನಾನೇನು ಹೇಳಿದರೂ ಅವರದು ಒಂದೇ ಉತ್ತರ: “ಅಳಿಯಂದ್ರು ಹೇಳಿದ್ ಮ್ಯಾಕೆ ಇನ್ನೇನು, ಹಂಗೇ ಇರ್ತೈತೆ.” ಮೊದಮೊದಲು ಈ ಮಾತು ಕೇಳಿ ಎದೆ ಉಬ್ಬುತ್ತಿತ್ತು. ಆಮೇಲೆ ಒಂದು ದಿನ ಆಕಾಶ ನೋಡಿ, “ಇವತ್ತು ಮಳೆ ಬರೋ ಲಕ್ಷಣ ಇಲ್ಲ” ಎಂದೆ. ಅತ್ತೆ, “ಹಂಗೇ ಇರ್ತೈತೆ” ಎನ್ನುತ್ತಲೇ ಅಂಗಳದಲ್ಲಿ ಒಣಗಲು ಹಾಕಿದ್ದ ರಾಗಿಯನ್ನೆಲ್ಲ ಬಾಚಿ ಒಳಗೆ ತಂದರು. ಹತ್ತು ನಿಮಿಷಕ್ಕೆ ಮಳೆ ಹುಯ್ಯಿತು.  ಈ ಹದಿನಾಲ್ಕು ವರ್ಷದಲ್ಲಿ ನಾವಿಬ್ಬರೂ ನೇರವಾಗಿ ಮಾತಾಡಿದ್ದು ಒಂದೇ ಒಂದು ಸಲ, ಅದೂ ಫೋನಿನಲ್ಲಿ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ನಮ್ಮ ಮನೆ ನಿಂತಿರುವುದು ರೇಷ್ಮೆ ಹುಳದ ಮೇಲೆ. ನನ್ನ ಸಂಬಳವೂ ಇದೆ, ಆದರೆ ಈ ಮನೆಯಲ್ಲಿ ಅದನ್ನು ಸಂಪಾದನೆ ಎಂದು ಯಾರೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ನಮ್ಮ ಊರ ಕಡೆ ಹುಳ ಎಂದರೆ ಪೊರಕೆ ತೆಗೆದುಕೊಳ್ಳುತ್ತೇವೆ. ಇಲ್ಲಿ ಅದಕ್ಕೊಂದು ಮನೆ ಕಟ್ಟಿಸಿ ಒಳಗೆ ಕೂರಿಸಿದ್ದಾರೆ. ಹಿತ್ತಿಲಲ್ಲಿ ಹುಳದ ಮನೆ, ಅದರೊಳಗೆ ಒಂದರ ಮೇಲೊಂದು ಅಟ್ಟಣೆ, ಅಟ್ಟಣೆಯ ತುಂಬ ಹುಳ. ಅದಕ್ಕೆ ಇರುವ ಮರ್ಯಾದೆ ನನಗಿಲ್ಲ. ಪೌಡರ್ ಹಾಕಿಕೊಂಡು ಒಳಗೆ ಹೋಗುವಂತಿಲ್ಲ, ಅಗರಬತ್ತಿ ವಾಸನೆ ಆಗದು, ಬಾಗಿಲಲ್ಲಿ ಚೆಲ್ಲಿದ ಸುಣ್ಣ ತುಳಿದೇ ಒಳಗೆ ಕಾಲಿಡಬೇಕು. ಮೊಟ್ಟೆಯೊಡೆದು ಬಂದಲ್ಲಿಂದ ಇಪ್ಪತ್ತೈದು ದಿನ ಈ ಹುಳ ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ಕೊನೆಗೊಂದು ದಿನ ತಿನ್ನುವುದನ್ನು ನಿಲ್ಲಿಸಿ, ಹಸಿರು ಬಿಳುಪಿನ ಮೈ ಬಣ್ಣ ಬಿಟ್ಟು, ಮಾಗಿದ ದ್ರಾಕ್ಷಿಯ ಹಾಗೆ ಹಳದಿಗೆ ತಿರುಗಿ ತಿಳಿಯಾಗುತ್ತದೆ. ಹುಳ ಹಣ್ಣಾಯಿತು ಎನ್ನುವುದು ಇದಕ್ಕೇ. ಹಣ್ಣಾದ ಹುಳಕ್ಕೆ ಸೊಪ್ಪು ಬೇಡ, ಗೂಡು ಕಟ್ಟಲು ಜಾಗ ಬೇಕು. ಆಗಲೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ ಬಿಡಬೇಕು. ತಡ ಮಾಡಿದರೆ ಕಸದಲ್ಲೇ ಗೂಡು ಕಟ್ಟಿ ಕೆಡಿಸಿಬಿಡುತ್ತದೆ. ಅವಸರಪಟ್ಟು ಹಸಿ ಹುಳವನ್ನು ಬಿಟ್ಟರೆ, ಅದು ಹಸಿದು ಸೊರಗಿ ಈರುಳ್ಳಿ ಸಿಪ್ಪೆಯಂಥ ಗೂಡು ಕಟ್ಟುತ್ತದೆ, ಮಾರುಕಟ್ಟೆಯಲ್ಲಿ ಅದನ್ನು ಯಾರೂ ಕೈಯಲ್ಲೂ ಮುಟ್ಟುವುದಿಲ್ಲ. ಒಂದು ತಿಂಗಳ ನಿದ್ದೆಗೆಟ್ಟ ದುಡಿಮೆ ಅರ್ಧ ದಿನದಲ್ಲಿ ಮಣ್ಣುಪಾಲು. ಆ ಗಳಿಗೆ ಗುರುತಿಸಲು ಬೇಕಾದ್ದು ಎರಡೇ: ಅತ್ತೆಯ ಕಣ್ಣು ಮತ್ತು ಒಂದು ಟಾರ್ಚು. ಕೆಳಗಿನ ಅಟ್ಟಣೆಯಲ್ಲಿ ಹಗಲಲ್ಲೂ ಕತ್ತಲೆ. ಬೆಳಗಿನ ಜಾವ ಹುಳ ನೋಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆ.

ನನ್ನ ಮಾವನವರ ಕಾಲದ ಮೂರು ಸೆಲ್ಲಿನ ಸ್ಟೀಲ್ ಟಾರ್ಚೊಂದು ಮನೆಯಲ್ಲಿತ್ತು. ಮಾವ ತೀರಿಕೊಂಡ ಮೇಲೂ ಅದು ಮನೆಯ ಹಿರಿಯನ ಹಾಗೆ ಗೂಟಕ್ಕೆ ತೂಗುಬಿದ್ದಿರುತ್ತಿತ್ತು. ನೆಲಕ್ಕೆ ಬಿದ್ದಿದೆ, ಗೊಬ್ಬರದ ಗುಂಡಿಗೆ ಬಿದ್ದಿದೆ, ಒಮ್ಮೆ ಹಾವಿನ ಮೇಲೂ ಬಿದ್ದಿದೆ. ಹಾವು ಸತ್ತಿತು, ಟಾರ್ಚು ಉಳಿಯಿತು. ಅದರ ಬಲ್ಬು ಈ ವರ್ಷ ಸುಟ್ಟುಹೋಯಿತು. ಅಂಥ ಬಲ್ಬು ಕೇಳಿದರೆ ಅಂಗಡಿಯವರು, ಸತ್ತವರ ಯೋಗಕ್ಷೇಮ ವಿಚಾರಿಸಿದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಸದ್ಯಕ್ಕೆ ಫೋನಿನ ಬೆಳಕಲ್ಲಿ ನಡೆಯಲಿ ಎಂದೆ. ಅದನ್ನು ಅಟ್ಟಣೆಯ ಮೇಲಿಟ್ಟು ಎರಡು ಕೈಯಲ್ಲಿ ಸೊಪ್ಪು ಹರಡುತ್ತಿದ್ದಾಗ ಹುಳಗಳು ಪರದೆಯ ಮೇಲೆಲ್ಲ ಓಡಾಡಿ, ಅವುಗಳಲ್ಲೊಂದು ನಮ್ಮ ಹೆಡ್‌ಮಾಸ್ಟರಿಗೆ ಕರೆ ಮಾಡಿತು. ಬೆಳಗ್ಗೆ ಐದೂವರೆ. ನಾನಾಗಿ ಮಾಡಿದ್ದಲ್ಲ, ಹುಳ ಮಾಡಿದ್ದು ಎಂದು ಹೆಡ್‌ಮಾಸ್ಟರಿಗೆ ಹೇಗೆ ಹೇಳುವುದು? ಜ್ವರ, ರಜೆ ಬೇಕು ಎಂದೆ. ಆಮೇಲೆ ತಲೆಗೆ ಕಟ್ಟುವ ದೀಪ ತಂದೆ. ಅದನ್ನು ಕಟ್ಟಿಕೊಂಡು ಯಾರ ಕಡೆ ತಿರುಗಿ ಮಾತಾಡಿದರೂ ಅವರ ಕಣ್ಣು ಕುರುಡು. ಅದನ್ನು ನೋಡಿ ಹಸು ಎರಡು ದಿನ ಹಾಲು ಇಳಿಸಲಿಲ್ಲ. ಮಂಜುಳಾ ನಮ್ಮೂರಿನ ಹಾಲಿನ ಡೈರಿಯ ಕಾರ್ಯದರ್ಶಿ. ಕಾರ್ಯದರ್ಶಿಯ ಮನೆಯ ಹಸುವೇ ಹಾಲು ಕೊಡಲಿಲ್ಲವೆಂದರೆ ಅವಳ ಮರ್ಯಾದೆ ಏನಾಗಬೇಕು? ಆ ದೀಪವನ್ನು ಅವಳೇ ಎತ್ತಿ ಅಟ್ಟದ ಮೇಲೆಸೆದಳು.

“ಒಂದು ಒಳ್ಳೆ ಟಾರ್ಚ್ ತನ್ನಿ. ಅಮ್ಮ ಮೂರೇ ಮಾತು ಹೇಳವ್ಳೆ,” ಎಂದಳು. “ಬೀಳ್ಸಿದ್ರೆ ಒಡೀಬಾರ್ದಂತೆ. ಜಾಸ್ತಿ ದುಡ್ಡು ಕೊಡಬಾರ್ದಂತೆ. ಬೆಳಕು ಹಳದಿಯಾಗಿರ್ಬೇಕಂತೆ.”

ಮೊದಲೆರಡು ಮಾತಿಗೆ ತಲೆಯಾಡಿಸಿದೆ. ಮೂರನೆಯದಕ್ಕೆ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಹಳದಿ ಬೆಳಕು ಎಂದರೆ ಹಳೇ ಬಲ್ಬಿನ ರೋಗ ಕಣೇ, ಬಿಳಿ ಬೆಳಕಿನಲ್ಲಿ ಏಳೂ ಬಣ್ಣ ಇರುತ್ತದೆ, ಏಳರಲ್ಲಿ ಹಳದಿಯೂ ಒಂದು, ಪೂರ್ತಿ ಊಟ ಸಿಗುತ್ತಿರುವಾಗ ಉಪ್ಪಿನಕಾಯಿ ಮಾತ್ರ ಸಾಕು ಅನ್ನುತ್ತಾರಾ ಯಾರಾದರೂ, ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ಪಾಠ ಮಾಡಿದೆ. ಮಂಜುಳಾ ಕೇಳಿದಳೋ ಇಲ್ಲವೋ, ಒಳಗಿನಿಂದ ಅತ್ತೆಯ ದನಿ ಬಂತು: “ಅಳಿಯಂದ್ರು ಹೇಳಿದ್ ಮ್ಯಾಕೆ ಇನ್ನೇನಮ್ಮ, ಹಂಗೇ ಇರ್ತೈತೆ.” ರಾಗಿಯ ಕಥೆ ಆಗಲಾದರೂ ನೆನಪಾಗಬೇಕಿತ್ತು. ಆಗಲಿಲ್ಲ.

ಆಮೇಲೆ ಐದು ವಾರ ನಾನು ಟಾರ್ಚಿನ ಅಧ್ಯಯನ ಮಾಡಿದೆ. ಒಂದು ನೋಟ್‌ಬುಕ್ಕನ್ನೇ ಅದಕ್ಕಾಗಿ ತೆಗೆದಿಟ್ಟೆ. ಯಾವುದು ಎಷ್ಟು ಲುಮೆನ್, ಎಷ್ಟು ದೂರ ಬೀರುತ್ತದೆ, ಎಷ್ಟು ಹೊತ್ತು ಉರಿಯುತ್ತದೆ, ನೀರಿಗೆ ಬಿದ್ದರೆ ಏನಾಗುತ್ತದೆ, ಚಾರ್ಜ್ ಮಾಡುವುದು ಒಳ್ಳೆಯದೋ ಸೆಲ್ಲು ಹಾಕುವುದು ಒಳ್ಳೆಯದೋ. ಪ್ರಪಂಚದಲ್ಲಿ ಟಾರ್ಚ್ ಕೊಂಡವರೆಲ್ಲ ಅದರ ಬಗ್ಗೆ ವಿಡಿಯೋ ಮಾಡಿದ್ದಾರೆ; ಟಾರ್ಚನ್ನು ಮಂಜುಗಡ್ಡೆಯಲ್ಲಿ ಹೂಳುತ್ತಾರೆ, ಮೇಲೆ ಜೀಪು ಹತ್ತಿಸುತ್ತಾರೆ. ಹುಳದ ಮನೆಯಲ್ಲಿ ಇಟ್ಟು ನೋಡಿದವರು ಒಬ್ಬರೂ ಇರಲಿಲ್ಲ, ಅದು ನನಗೆ ಹೊಳೆಯಲೂ ಇಲ್ಲ. ಈ ಐದು ವಾರವೂ ಮಂಜುಳಾ ಫೋನಿನ ಬೆಳಕಲ್ಲೇ ಗುಂಡಿ ಬಿದ್ದ ರಸ್ತೆಯಲ್ಲಿ ಡೈರಿಗೆ ಹೋಗಿಬಂದಳು. “ಟಾರ್ಚ್ ಬರೋದ್ರೊಳ್ಗೆ ಬೀದಿಗೆ ದೀಪಾನೇ ಹಾಕ್ತಾರೆ ಬಿಡಿ,” ಎಂದು ಒಂದು ಸಲ ಅಂದಳು. ಸಂಶೋಧನೆಗೆ ಮನೆಯವರ ಸಹಕಾರ ಯಾವತ್ತೂ ಇರುವುದಿಲ್ಲ.

ಕೊನೆಗೆ ಹೊಸಕೋಟೆಗೆ ಹೋದೆ. ಅಂಗಡಿಯವರು ದಪ್ಪ ಮೀಸೆಯ, ಸಮಾಧಾನದ ಮನುಷ್ಯ. ಮಧ್ಯಾಹ್ನದ ಬಿಸಿಲಲ್ಲಿ ಟಾರ್ಚ್ ಪರೀಕ್ಷೆ ಮಾಡಲಾಗದು ಎಂದು ಅವರು ಕೌಂಟರಿನ ಕೆಳಗೆ ಒಂದು ಕಂಬಳಿ ಇಟ್ಟುಕೊಂಡಿದ್ದಾರೆ. ಗಿರಾಕಿ ಕಂಬಳಿಯೊಳಗೆ ತಲೆ ತೂರಿಸಿ ಟಾರ್ಚ್ ಹಾಕಿ ನೋಡಬೇಕು. ನಾನು ಕಂಬಳಿಯೊಳಗಿಂದಲೇ ಅವರಿಗೆ ಲುಮೆನ್ ಎಂದರೇನು ಎಂದು ಹೇಳಿಕೊಟ್ಟೆ. ಅವರು, “ಗೊತ್ತಿರ್ಲಿಲ್ಲ ಸಾರ್, ನಾವು ಮಾರೋ ಜನ,” ಎಂದರು. ನಾನು ಕೈ ತೋರಿಸಿದ ಟಾರ್ಚನ್ನು ಎತ್ತಿ ಸಿಮೆಂಟಿನ ನೆಲಕ್ಕೆ ಬಡಿದರು. ಬಕೆಟ್ಟಿನ ನೀರಿಗೆ ಮುಳುಗಿಸಿದರು. ಅದು ನೀರಿನಲ್ಲೂ ಉರಿಯುತ್ತಿತ್ತು. ಕಪ್ಪು ಲೋಹದ ಮೈ, ಕೈಗೆ ಕಟ್ಟಿಕೊಳ್ಳಲು ದಾರ, ಮುಂದಕ್ಕೆ ಎಳೆದರೆ ಬೆಳಕು ಸೂಜಿಯ ಹಾಗೆ, ಹಿಂದಕ್ಕೆ ತಳ್ಳಿದರೆ ಜರಡಿಯ ಹಾಗೆ, ಬಿಳುಪೆಂದರೆ ಹೊಸ ಪಂಚೆಯ ಬಿಳುಪು. ಬೆಲೆಯೂ ಹೆಚ್ಚಿರಲಿಲ್ಲ. ಹಳದಿ ಬೆಳಕಿನದು ಇದೆಯಾ ಎಂದು ಕೇಳಲೇ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

ಅಂದು ಸಂಜೆ ಮನೆಯ ಮುಂದೆ ನಿಂತು ಬೆಳಕು ಬಿಟ್ಟೆ. ಅದು ಹೊಲ ದಾಟಿ, ಊರಾಚೆಯ ನೀರಿನ ಟ್ಯಾಂಕಿನ ಮೇಲೆ ಯಾವ ಪಕ್ಷದವರು ಬರೆಸಿದ ಬರಹ ಎಂದು ಓದುವಷ್ಟು ಸ್ಪಷ್ಟವಾಗಿ ಬಿತ್ತು. ಪಕ್ಕದ ತೋಟದ ಪಿಳ್ಳಪ್ಪ ಓಡಿ ಬಂದು, “ಏನ್ ಮೇಷ್ಟ್ರೇ, ವಿಮಾನ ಇಳ್ಸ್ತೀರಾ? ದೇವನಹಳ್ಳಿಗೆ ಹೋಗೋದೆಲ್ಲ ಇಲ್ಲಿಗೇ ಬಂದ್ಬಿಟ್ಟಾತು,” ಎಂದ. ನನಗೆ ಹೆಮ್ಮೆಯಾಯಿತು. ಅತ್ತೆ ಟಾರ್ಚನ್ನು ಕೈಗೆ ತೆಗೆದುಕೊಂಡು, ತಮ್ಮ ಅಂಗೈಯ ಹಿಂದಿನಿಂದ ಬೆಳಕು ಹಾಯಿಸಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನು ಗೂಟಕ್ಕೆ ತೂಗುಹಾಕಿದರು. ಪಕ್ಕದ ಗೂಟದಲ್ಲಿ ಮಾವನವರ ಹಳೇ ಟಾರ್ಚು ಹಾಗೇ ಇತ್ತು, ಅದನ್ನು ತೆಗೆದಿರಲಿಲ್ಲ.

ಆ ಸಲದ ಹುಳ ಇನ್ನೇನು ಹಣ್ಣಾಗುವುದರಲ್ಲಿತ್ತು. ಅಷ್ಟರಲ್ಲಿ ಸಮೇತನಹಳ್ಳಿಯಲ್ಲಿ ಅತ್ತೆಯ ಅಕ್ಕನ ಮೊಮ್ಮಗುವಿನ ನಾಮಕರಣ ಬಂತು. ಹುಳ ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ. ಹೋಗದಿದ್ದರೆ ಅಕ್ಕ ಜನ್ಮ ಪೂರ್ತಿ ಮಾತು ಬಿಡುತ್ತಾರೆ. ಹಿಂದಿನ ಸಂಜೆ ಹೊರಡುವಾಗ ಮಗಳಿಗೆ ಹೇಳಿದರು: “ನಾಡಿದ್ದು ಬೆಳಗ್ಗೆಗೆ ಹಣ್ಣಾಗ್ತವೆ. ನಾಳೆ ಆಗಲ್ಲ. ಆದ್ರೂ ಬೆಳಗಿನ ಜಾವ ಒಂದ್ಸಲ ಕಣ್ಣಾಡ್ಸ್ಲಿ, ಆಮೇಕೆ ಸೊಪ್ಪು ಹಾಕ್ಲಿ.” ಕಣ್ಣಾಡಿಸಬೇಕಾದವನು ಯಾರೆಂದು ಹೇಳಲಿಲ್ಲ. ಮಂಜುಳಾ ಐದಕ್ಕೆಲ್ಲ ಡೈರಿಯ ಬಾಗಿಲು ತೆಗೆಯಬೇಕು. ಉಳಿದವನು ನಾನು. ಹದಿನಾಲ್ಕು ವರ್ಷದಲ್ಲಿ ಹುಳವನ್ನು ನನ್ನೊಬ್ಬನ ಕೈಗೆ ಬಿಟ್ಟದ್ದು ಅದೇ ಮೊದಲು. ಹೇಳಲು ನಾಚಿಕೆ, ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮನೆ ಅಳಿಯನಾದವನಿಗೆ ಊಟ ಸಿಗುತ್ತದೆ, ಮರ್ಯಾದೆ ಸಿಗುತ್ತದೆ, ಕೆಲಸ ಮಾತ್ರ ಸಿಗುವುದಿಲ್ಲ. ಒಂದು ಕೆಲಸ ಸಿಕ್ಕಿದೆ, ಅದನ್ನು ಚೆನ್ನಾಗಿ ಮಾಡಿ ತೋರಿಸಬೇಕು ಎಂದು ಒಳಗೊಳಗೇ ಬಯಸಿದ್ದೆ.

ಮಂಜುಳಾ ಅತ್ತ ಹೋದ ಕೂಡಲೇ ನಾನು ಇತ್ತ ಸುಣ್ಣ ತುಳಿದು ಹುಳದ ಮನೆಗೆ ಹೊಕ್ಕೆ. ಕರೆಂಟು ಎಂದಿನಂತೆ ಹೋಗಿತ್ತು. ಟಾರ್ಚು ಒತ್ತಿದೆ. ಅಬ್ಬಾ! ಮೇಲಿನ ಅಟ್ಟಣೆಯಿಂದ ಕೆಳಗಿನ ಅಟ್ಟಣೆಯವರೆಗೆ ಹುಳವೆಲ್ಲ ಗಾಜಿನ ಹಾಗೆ ಹೊಳೆಯುತ್ತಿವೆ. ಮೈಯೊಳಗೆ ಬೆಳಕು ಹಾಯುತ್ತಿದೆ. ತಲೆ ಎತ್ತಿ ಎತ್ತಿ ಅತ್ತಿತ್ತ ಆಡಿಸುತ್ತಿವೆ. ಗೂಡು ಕಟ್ಟಲು ಜಾಗ ಹುಡುಕುತ್ತಿವೆ ಎಂದುಕೊಂಡೆ. ಅತ್ತೆಯ ಲೆಕ್ಕ ಒಂದು ದಿನ ತಪ್ಪಿದೆ! ನಾನಿಲ್ಲದಿದ್ದರೆ, ಈ ಟಾರ್ಚಿಲ್ಲದಿದ್ದರೆ, ಇಡೀ ಬೆಳೆ ಕಸದಲ್ಲಿ ಗೂಡು ಕಟ್ಟಿ ಹಾಳಾಗುತ್ತಿತ್ತಲ್ಲ ಎಂದು ಮೈ ಜುಮ್ಮೆಂದಿತು. ಆ ಖುಷಿಯಲ್ಲಿ ಅತ್ತೆಗೇ ಫೋನು ಮಾಡಿಬಿಟ್ಟೆ.

“ಹಲೋ ಅತ್ತೇ, ನಾನು.”

 ಪಾಪ, ಅತ್ತೆಯ ಹತ್ತಿರ ಮಗಳಿಲ್ಲ, ಹಸುವಿಲ್ಲ. ವಿಧಿಯಿಲ್ಲದೆ ನನ್ನ ಜೊತೆಯೇ ಮಾತಾಡಬೇಕಾಯಿತು.

“ಏನ್ ಅಳಿಯಂದ್ರೇ, ಇಷ್ಟೊತ್ನಾಗೆ?”

“ಹುಳ ಹಣ್ಣಾಗ್ಬಿಟ್ಟಿವೆ.”

“ಎಲ್ಲಾನಾ?”

“ಎಲ್ಲಾ. ಒಂದೂ ಬಿಡದ ಹಂಗೆ.”

 ರೇಷ್ಮೆ ಹುಳ ಒಂದೂ ಬಿಡದ ಹಾಗೆ ಒಂದೇ ಗಳಿಗೆಯಲ್ಲಿ ಹಣ್ಣಾಗುವುದಿಲ್ಲ ಎಂದು ಈಗ ನನಗೂ ಗೊತ್ತು.

“ಕರೆಂಟ್ ಐತಾ?”

“ಇಲ್ಲ, ಟಾರ್ಚ್ ಹಾಕಿ ನೋಡ್ದೆ.”

“ಹೊಸಾ ಟಾರ್ಚಾ?”

“ಹೂಂ, ಹೊಸದೇ.”

“ಸರಿ. ಅಳಿಯಂದ್ರು ಹೇಳಿದ್ ಮ್ಯಾಕೆ ಇನ್ನೇನು, ಹಂಗೇ ಇರ್ತೈತೆ.” ಫೋನು ಇಟ್ಟರು.

ಅಪ್ಪಣೆ ಸಿಕ್ಕಿತು ಎಂದುಕೊಂಡು ಸರಸರನೆ ಕೆಲಸಕ್ಕಿಳಿದೆ. ಹುಳ ಹಣ್ಣಾದ ಮನೆಗೆ ಕೇರಿಯ ಹೆಂಗಸರೆಲ್ಲ ಬಂದು ಆರಿಸಿಕೊಡುವುದು ನಮ್ಮಲ್ಲಿ ವಾಡಿಕೆ. ಇವತ್ತು ನಮ್ಮ ಮನೆಗೆ, ನಾಳೆ ಅವರ ಮನೆಗೆ. ಬಂದವರಿಗೆ ಕಾಫಿ ತಿಂಡಿ ಕೊಟ್ಟರಾಯಿತು. ನಾನು ಮನೆಮನೆಗೆ ಹೋಗಿ ಬಾಗಿಲು ಬಡಿದು ಕರೆದೆ. ಊರ ಬಾಗಿಲಿನ ಹೋಟೆಲಿಗೆ ಹದಿನೈದು ಪ್ಲೇಟು ಉಪ್ಪಿಟ್ಟು ಹೇಳಿದೆ. ಹಿಂದಿನ ಸಂಜೆ ಕೊಯ್ದು ಒದ್ದೆ ಗೋಣಿಯಡಿ ಇಟ್ಟಿದ್ದ ಸೊಪ್ಪು ಹೊರೆಗಟ್ಟಲೆ ಹಾಗೇ ಬಿದ್ದಿತ್ತು. ಹಣ್ಣಾದ ಹುಳಕ್ಕೆ ಸೊಪ್ಪು ಬೇಡವಲ್ಲ? ಸುಮ್ಮನೆ ಬಾಡಿಹೋಗುತ್ತದೆ ಎಂದು ಅಷ್ಟನ್ನೂ ತಂದು ಹಸುವಿನ ಮುಂದೆ ಸುರಿದೆ. ಹಸು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು.

ಹನ್ನೆರಡು ಜನ ಹೆಂಗಸರು ಬಂದರು. ನಾನು ಟಾರ್ಚು ಹಿಡಿದು, “ನೋಡಿ, ಹೆಂಗಿದೆ!” ಎಂದೆ. ಗೌರಮ್ಮ ಎನ್ನುವ ಹಿರಿಯಾಕೆ ಬಗ್ಗಿ ಒಂದು ಹುಳ ನೋಡಿದರು, ಇನ್ನೊಂದು ನೋಡಿದರು, ಪಕ್ಕದವಳ ಮುಖ ನೋಡಿದರು. “ಮೊದ್ಲು ಕಾಫಿ ಆಗೋಗ್ಲಿ ಕಣ್ರಮ್ಮಾ,” ಎಂದರು. ಎಲ್ಲರೂ ಜಗಲಿಗೆ ಬಂದು ಕೂತರು. ಕಾಫಿ ಆಯಿತು. ಶುರು ಮಾಡೋಣವೇ ಎಂದೆ. “ಎಲೆ ಅಡಿಕೆ ಹಾಕ್ಕೊಂಡ್ ಬಿಡ್ತೀವಿ.” ಎಲೆ ಅಡಿಕೆ ಆಯಿತು. “ಉಪ್ಪಿಟ್ ಬರ್ಲಿ, ಹೊಟ್ಟೆ ತಣ್ಗಿದ್ರೆ ಕೈ ಚುರುಕಾಗ್ತೈತೆ.” ನಾನು ಒಳಗೂ ಹೊರಗೂ ಓಡಾಡುತ್ತ, ತಡವಾದರೆ ಹುಳ ಹಾಳಾಗುತ್ತದೆಂದು ಚಡಪಡಿಸುತ್ತಿದ್ದೆ. ಮನೆ ಅಳಿಯನೆಂದರೆ ಊರಿಗೆಲ್ಲ ಅಳಿಯ. ಊರ ಅಳಿಯನಿಗೆ ಬೆಳ್ಳಂಬೆಳಗ್ಗೆ ‘ನಿನಗೆ ಗೊತ್ತಿಲ್ಲ’ ಎಂದು ಯಾರು ಹೇಳುತ್ತಾರೆ? ಆ ಕೆಲಸವನ್ನು ಅವರು ಸೂರ್ಯನಿಗೆ ಬಿಟ್ಟು ಕಾಯುತ್ತಿದ್ದರು.

ಸೂರ್ಯ ಬಂದ. ಬಾಗಿಲು ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಾಗ ನೋಡಿದೆ. ನನ್ನ ಗಾಜಿನ ಹುಳವೆಲ್ಲ ಮತ್ತೆ ಸುಣ್ಣದ ಕಡ್ಡಿಯಂತೆ ಬೆಳ್ಳಗೆ, ಗಟ್ಟಿಯಾಗಿ ಕೂತಿದ್ದವು. ತಲೆಗಳು ಮಾತ್ರ ಇನ್ನೂ ಎತ್ತಿ ಎತ್ತಿ ಆಡುತ್ತಿದ್ದವು. ಗೌರಮ್ಮ ಮೆತ್ತಗೆ ಹೇಳಿದರು: “ಹಣ್ಣಾಗಿಲ್ಲ ಮೇಷ್ಟ್ರೇ. ಹಸ್ಕೊಂಡವೆ.”

 ಬೆಳಗಿನ ಸೊಪ್ಪು ಬಿದ್ದಿಲ್ಲ, ಹೊತ್ತು ಏರುತ್ತಿದೆ, ಇದ್ದ ಸೊಪ್ಪೆಲ್ಲ ಹಸುವಿನ ಹೊಟ್ಟೆಯಲ್ಲಿದೆ. ಕೊನೆಯ ದಿನ ಹಸಿದರೆ ಗೂಡು ತೆಳುವಾಗುತ್ತದೆ. ಇಪ್ಪತ್ತನಾಲ್ಕು ದಿನ ಅತ್ತೆ ಸಾಕಿದ್ದನ್ನು ನಾನು ಒಂದು ಬೆಳಗಿನಲ್ಲಿ ಕೆಡಿಸಿದೆ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕುಡುಗೋಲು ಹುಡುಕಿಕೊಂಡು ತೋಟಕ್ಕೆ ಓಡಬೇಕು ಎನ್ನುವಷ್ಟರಲ್ಲಿ ಮೊಪೆಡ್ಡಿನ ಸದ್ದು. ಪಿಳ್ಳಪ್ಪ ಬಂದ. ಮುಂದೆ ಎರಡು ಹೊರೆ, ಹಿಂದೆ ಎರಡು ಹೊರೆ, ನಡುವೆ ಅವನ ತಲೆ ಮಾತ್ರ ಕಾಣುತ್ತಿತ್ತು. ನಾಲ್ಕೂ ಹೊರೆ ರೇಷ್ಮೆ ಸೊಪ್ಪು, ಇನ್ನೂ ಇಬ್ಬನಿ ಆರಿರಲಿಲ್ಲ.

“ಇದೇನ್ ಪಿಳ್ಳಪ್ಪಾ?” ಎಂದೆ.

“ನಿಮ್ಮತ್ತೆ ಐದ್ ಗಂಟೆಗೇ ಫೋನ್ ಮಾಡಿದ್ರು ಮೇಷ್ಟ್ರೇ. ‘ಅಳಿಯಂದ್ರು ಹುಳ ಹಣ್ಣಾಗೈತೆ ಅಂದವ್ರೆ, ಮನೇಲಿರೋ ಸೊಪ್ಪು ಹಸುವಿನ್ ಪಾಲಾಗಿರ್ತೈತೆ, ನೀನು ಬಿರ್‌ಬಿರ್ನೆ ನಾಲ್ಕ್ ಹೊರೆ ಸೊಪ್ಪು ಕೊಯ್ದ್ ಹಾಕ್ಬಿಡಪ್ಪಾ’ ಅಂದ್ರು.”

ಜಗಲಿಯ ಮೇಲೆ ಹನ್ನೆರಡು ಜನ ಹೆಂಗಸರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಹಣ್ಣು ಹುಳಕ್ಕೆ ನಾಲ್ಕು ಹೊರೆ ಸೊಪ್ಪು! ಮೊದಲು ಗೌರಮ್ಮ ನಕ್ಕರು, ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ನನಗೂ ನಗು ಬಂತು, ಆದರೆ ಅದಕ್ಕಿಂತ ಮುಂಚೆ ಸಮಾಧಾನದ ಒಂದು ದೊಡ್ಡ ಉಸಿರು ಬಂತು. ಆರಿಸಲು ಬಂದವರೇ ಸೊಪ್ಪು ಹರಡಿದರು. ಸೊಪ್ಪು ಬಿದ್ದದ್ದೇ ತಡ, ಹುಳದ ಮನೆಯೆಲ್ಲ ಚರಚರ ಸದ್ದು. ಆ ಸದ್ದು ನಿಲ್ಲುವ ತನಕ ನಾನು ಅಲ್ಲಿಂದ ಕದಲಲಿಲ್ಲ. ಡೈರಿಯಿಂದ ಬಂದ ಮಂಜುಳಾ ಎಲ್ಲ ಕೇಳಿ, ಖಾಲಿ ತಟ್ಟೆಗಳನ್ನು ನೋಡಿ, “ನಾಳೇನೂ ಉಪ್ಪಿಟ್ಟೇನಾ, ಇಲ್ಲ ಚಿತ್ರಾನ್ನಾನಾ?” ಎಂದಳು.

ನಾಮಕರಣದ ಊಟ ಮುಗಿದದ್ದೇ ಅತ್ತೆ ಬಸ್ಸು ಹತ್ತಿ ಬಂದರು. ಹುಳ ನೋಡಿದರು, ಕಸ ನೋಡಿದರು, ಗೂಟದಲ್ಲಿದ್ದ ನನ್ನ ಟಾರ್ಚನ್ನೂ ನೋಡಿದರು. ಆಮೇಲೆ ಹಸುವಿನ ಹತ್ತಿರ ಹೋಗಿ ಅದರ ಉಬ್ಬಿದ ಹೊಟ್ಟೆ ಸವರುತ್ತ, “ಟಾರ್ಚೇನೋ ಭೋ ಚೆನ್ನಾಗೈತೆ ಕಣೇ. ಅಷ್ಟೊಂದ್ ಬೆಳಕಿದ್ರೆ ಯಾರ್ಗಾನ ಕಣ್ ಕತ್ಲೆ ಬರ್ತೈತೆ,” ಎಂದರು. ಟಾರ್ಚಿನ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ಸತ್ಯ ಇರಲಿಲ್ಲ.

ಮರುದಿನ ಜಾವದಲ್ಲಿ ಅವರು ಎಣ್ಣೆ ದೀಪ ಹಿಡಿದು ಒಳಗೆ ಹೋದರು. ಮುಕ್ಕಾಲು ಪಾಲು ಹುಳ ಹಣ್ಣಾಗಿತ್ತು, ಕಾಲು ಪಾಲು ಇನ್ನೂ ಹಸಿ. ಅದೇ ಹನ್ನೆರಡು ಹೆಂಗಸರು ಬಂದರು, ಚಿತ್ರಾನ್ನ ತಿಂದರು, ಮಧ್ಯಾಹ್ನದೊಳಗೆ ಹಣ್ಣು ಹುಳವೆಲ್ಲ ಚಂದ್ರಿಕೆ ಏರಿತು. ನಾನು ದೀಪ ಹಿಡಿದು ನಿಂತಿದ್ದೆ. ದೀಪದ ಹಳದಿ ಬೆಳಕಲ್ಲಿ ಹಣ್ಣು ಹುಳ ಜೇನಿನ ಹನಿಯ ಹಾಗೆ, ಹಸಿ ಹುಳ ಸುಣ್ಣದ ಹಾಗೆ. ಕುರುಡನೂ ಬೇರೆ ಮಾಡಬಹುದಿತ್ತು. ಏಳು ಬಣ್ಣ, ಪೂರ್ತಿ ಊಟ, ಉಪ್ಪಿನಕಾಯಿ ಎಂದೆಲ್ಲ ನಾನು ಕೊಟ್ಟ ಉಪನ್ಯಾಸ ಅಲ್ಲಿ ನಿಂತಾಗ ಒಂದೊಂದು ಮಾತೂ ನೆನಪಾಯಿತು.

ಕೆಲಸ ಮುಗಿದ ಮೇಲೆ ಅತ್ತೆ ಒಂದು ಪುಟ್ಟ ಸ್ಟೀಲ್ ಡಬ್ಬಿ ತೊಳೆದು ಒರೆಸಿದರು. ಅದರಲ್ಲಿ ಒಂದು ಹಣ್ಣು ಹುಳ, ಒಂದು ಹಸಿ ಹುಳ ಇಟ್ಟು ಮುಚ್ಚಳವನ್ನು ಉಸಿರಾಡುವಷ್ಟು ತೆರೆದಿಟ್ಟು, ಮಗಳಿಗೆ ಹೇಳಿದರು: “ಅಳಿಯಂದ್ರಿಗೆ ಬಿಡುವಿದ್ರೆ ಹೊಸಕೋಟೆಗೆ ಹೋಗ್ಬರೋಣಂತೆ.” ನನಗೆ ಬಿಡುವಿಲ್ಲದೆ ಏನು! ಬಸ್ಸಿನಲ್ಲಿ ಅವರು ಹೆಂಗಸರ ಸೀಟಿನಲ್ಲಿ, ಡಬ್ಬಿ ಮಡಿಲಲ್ಲಿ. ನಾನು ಹಿಂದೆ ಕಂಬಿ ಹಿಡಿದು ನಿಂತೆ.

ಅಂಗಡಿಯವರು ಕಂಬಳಿ ತೆಗೆಯಲು ಬಗ್ಗಿದರು. ಅತ್ತೆ, “ಅದು ಬ್ಯಾಡ ಕಣಪ್ಪಾ. ಬಾಗ್ಲು ಅರ್ಧ ಎಳ್ಕೊ,” ಎಂದರು. ಅವರು ಶಟರು ಅರ್ಧ ಇಳಿಸಿದರು. ಕೌಂಟರಿನ ಮೇಲೆ ಡಬ್ಬಿ ಬಿಚ್ಚಿದಾಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದರು. ದಾರಿಯಲ್ಲೇ ಹಣ್ಣು ಹುಳ ಡಬ್ಬಿಯ ಮೂಲೆಯಲ್ಲಿ ನೂಲು ಎಳೆಯಲು ಶುರು ಮಾಡಿತ್ತು. ಹಸಿ ಹುಳ ಅದನ್ನು ನೋಡುತ್ತ ಕೂತಿತ್ತು. ಅತ್ತೆ ಒಂದೊಂದೇ ಟಾರ್ಚನ್ನು ಹುಳದ ಮೇಲೆ ಹಾಯಿಸಿ ನೋಡಿದರು. “ಇದ್ರಾಗೆ ಎರಡೂ ಒಂದೇ ತರ ಕಾಣ್ತವೆ, ಬ್ಯಾಡ.” “ಇದ್ರಾಗೆ ಹಸೀದೇ ಹಣ್ಣಿನಂಗೆ ಕಾಣ್ತೈತೆ, ಬ್ಯಾಡ.” “ಇದು ಅಳಿಯಂದ್ರು ತಂದಿದ್ರಲ್ಲ, ಅದೇ.” ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದೆ. ಕೊನೆಗೆ ಅಂಗಡಿಯವರು ಕೆಳಗಿನ ಗೂಡಿನಿಂದ ಧೂಳು ಹಿಡಿದ ಒಂದು ಪ್ಲಾಸ್ಟಿಕ್ ಟಾರ್ಚು ತೆಗೆದು, “ಇದು ಹಳದಿ ಬೆಳಕಮ್ಮಾ. ಯಾರೂ ಕೇಳಲ್ಲ, ಹಂಗಾಗಿ ಒಳ್ಗಿಟ್ಟಿದ್ದೆ,” ಎಂದರು. ಡಬ್ಬಿಯಲ್ಲಿ ಒಂದು ಹುಳ ಜೇನಾಯಿತು, ಇನ್ನೊಂದು ಸುಣ್ಣವಾಯಿತು. ಅತ್ತೆಯ ಮುಖ ಅರಳಿತು. ಅಷ್ಟಕ್ಕೇ ಬಿಡಲಿಲ್ಲ. ಅದನ್ನು ಗಲ್ಲಕ್ಕೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕೈಯಲ್ಲಿ ಸೊಪ್ಪಿದೆ ಎಂಬಂತೆ ತೋಳು ಚಾಚಿ ನೋಡಿದರು. ಮೊಣಕೈಯಲ್ಲಿ ಗುಂಡಿ ಒತ್ತಿ ನೋಡಿದರು. ಎರಡು ಸಲ ನೆಲಕ್ಕೆ ಬೀಳಿಸಿದರು. ನೂಲು ಎಳೆಯುತ್ತಿದ್ದ ಹುಳ ಮಾತ್ರ ತಲೆಯೆತ್ತಿ ನೋಡಲಿಲ್ಲ, ಅದಕ್ಕೆ ಅದರ ಕೆಲಸ. ಬೆಲೆ ಕೇಳಿದರೆ ನನ್ನ ಟಾರ್ಚಿನ ಕಾಲುಭಾಗವೂ ಇರಲಿಲ್ಲ.

ಅಂಗಡಿಯವರು ಸೆಲ್ಲು ಹಾಕಿ ಕೊಡುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲಿ ನೋಡಿದ್ದೇನೆ ಎಂದು ಯೋಚಿಸುತ್ತಿದ್ದರು ಅಂತ ಕಾಣುತ್ತದೆ. ಥಟ್ಟನೆ ನೆನಪಾಯಿತು.

“ಹೋದ್ಸಲ ಕಂಬ್ಳಿಯೊಳ್ಗೆ ಕೂತು ಬೆಳಕಿನ ಪಾಠ ಮಾಡಿದ್ರಲ್ಲಾ ಸಾರ್, ನೀವು ಸೈನ್ಸ್ ಮೇಷ್ಟ್ರಲ್ವಾ?”

“ಅಲ್ಲ,” ಎಂದೆ, “ಕನ್ನಡ ಮೇಷ್ಟ್ರು.”

ಅವರಿಗೆ ನಂಬಿಕೆ ಬರಲಿಲ್ಲ. ಅತ್ತೆಯ ಕಡೆ ತಿರುಗಿ, “ಹೌದೇನಮ್ಮಾ?” ಎಂದರು.

ಅತ್ತೆ ಡಬ್ಬಿಯ ಮುಚ್ಚಳ ಮೆಲ್ಲಗೆ ಹಾಕುತ್ತ, ನನ್ನ ಕಡೆ ನೋಡದೆ, ಡಬ್ಬಿಯೊಳಗಿನ ಹುಳಕ್ಕೆ ಹೇಳುವ ಹಾಗೆ ಹೇಳಿದರು:

“ಅಳಿಯಂದ್ರು ಹೇಳಿದ್ ಮ್ಯಾಕೆ ಇನ್ನೇನು, ಹಂಗೇ ಇರ್ತೈತೆ.”